ಇಪ್ಪತ್ತೊಂದು ಹೆಜ್ಜೆಗೆ ಒಂದು ವರ್ಷ ಕೊಡಿ

ನಮ್ಮ ಕಾಲೇಜಿನಲ್ಲಿ ಕರಾಟೆ ಕಲಿಸುತ್ತಾರೆ ಎಂದು ಅಡ್ಮಿಷನ್ ಸಮಯದಲ್ಲಿ ಕೊಡುವ ಕೈಪಿಡಿಯಲ್ಲಿ ಇದೆ. ಟೈಮ್ ಟೇಬಲ್‌ನಲ್ಲಿ ವಾರಕ್ಕೆ ಎರಡು ಪೀರಿಯಡ್ ಕೂಡ ಇದೆ. ಆದರೆ ಮಳೆಗಾಲದಲ್ಲಿ ಮೈದಾನ ಕೆಸರು, ಹಾಲ್ ಖಾಲಿ ಇರುವುದಿಲ್ಲ. ಮಳೆ ಕಡಿಮೆಯಾಗುವ ಹೊತ್ತಿಗೆ ಮಧ್ಯವಾರ್ಷಿಕ ಪರೀಕ್ಷೆ. ಪರೀಕ್ಷೆ ಮುಗಿದರೆ ಲ್ಯಾಬ್ ರೆಕಾರ್ಡ್, ಸ್ಪೆಷಲ್ ಕ್ಲಾಸ್. ಉಳಿದ ಪೀರಿಯಡ್‌ಗಳೆಲ್ಲ ಕಾಲೇಜ್ ಡೇ ತಯಾರಿಗೆ ಹೋಗುತ್ತವೆ. ಕಾಲೇಜ್ ಡೇ ದಿನ ಹತ್ತು ಹನ್ನೆರಡು ಮಂದಿ ವೇದಿಕೆ ಹತ್ತಿ ಹೆಂಚು ಒಡೆಯುತ್ತಾರೆ, ಚಪ್ಪಾಳೆ ಬೀಳುತ್ತದೆ, ಫೋಟೊ ಸ್ಟೇಟಸ್‌ಗೆ ಹೋಗುತ್ತದೆ. ಅಲ್ಲಿಗೆ ಆ ವರ್ಷದ ಕರಾಟೆ ಮುಗಿಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮಗೆ ಹೆಂಚು ಒಡೆಯುವುದು ಬೇಡ. ಆರು ತಿಂಗಳಿಗೊಂದು ಬೆಲ್ಟ್ ಕೂಡ ಬೇಡ. ಒಂದೇ ಒಂದು ಕಟಾ, ಅದರಲ್ಲೂ ಎಲ್ಲರೂ ಮೊದಲು ಕಲಿಯುವ ಹೇಯಾನ್ ಶೋದಾನ್, ಇಡೀ ವರ್ಷ ಸರಿಯಾಗಿ ಕಲಿಸಿದರೆ ಸಾಕು. ಅದರಲ್ಲಿರುವುದು 21 ಚಲನೆಗಳು. ಒಂದು ನಿಮಿಷದೊಳಗೆ ಮುಗಿಯುತ್ತದೆ. ಇಷ್ಟಕ್ಕೆ ಒಂದು ವರ್ಷವೇ ಎಂದು ಕೇಳುವವರಿಗಾಗಿಯೇ ಈ ಲೇಖನ.

ಮೊದಲು ಕಟಾ ಎಂದರೇನು ಎಂದು ಹೇಳಬೇಕು. ಯಾಕೆಂದರೆ ಕರಾಟೆ ಕ್ಲಾಸಿಗೆ ಬಾರದವರು ಇದನ್ನು ‘ಕರಾಟೆ ಡ್ಯಾನ್ಸ್’ ಎಂದು ಕರೆಯುವುದುಂಟು. ಎದುರಾಳಿ ಇಲ್ಲದೆ, ನಿಗದಿಯಾದ ಕ್ರಮದಲ್ಲಿ, ನಿಗದಿಯಾದ ದಿಕ್ಕುಗಳಿಗೆ ತಿರುಗುತ್ತಾ, ತಡೆ ಮತ್ತು ಹೊಡೆತಗಳನ್ನು ಮಾಡುವ ಅಭ್ಯಾಸವೇ ಕಟಾ. ಪುಸ್ತಕವಿಲ್ಲದ ಕಾಲದಲ್ಲಿ ಕಲಿತದ್ದನ್ನು ಮರೆಯದಂತೆ ದೇಹದಲ್ಲೇ ಬರೆದಿಟ್ಟುಕೊಳ್ಳುವ ವಿಧಾನ ಅದು. ಮಗ್ಗಿ ಬಾಯಿಪಾಠ ಮಾಡಿದವನಿಗೆ ಅಂಗಡಿಯಲ್ಲಿ ಲೆಕ್ಕ ಬೇಗ ಹೊಳೆಯುವ ಹಾಗೆ, ಕಟಾ ದೇಹಕ್ಕೆ ಮಗ್ಗಿ. ಆದರೆ ಏಳೆಂಟಲ ಐವತ್ತಾರು ಎಂದು ಹಾಡಿ, ಏಳು ಪೆನ್ನಿಗೆ ಎಂಟು ರೂಪಾಯಿಯಂತೆ ಎಷ್ಟು ಎಂದರೆ ತಡವರಿಸುವ ಮಗು ಇದ್ದರೆ ತಪ್ಪು ಮಗ್ಗಿಯದಲ್ಲ. ಕಲಿಸಿದ ರೀತಿಯದು.

ಇನ್ನೊಂದು ವಿಷಯ ಗಮನಿಸಿ. ಈ ಕಟಾ ಹುಟ್ಟಿದ್ದೇ ನಮ್ಮಂಥ ವಿದ್ಯಾರ್ಥಿಗಳಿಗಾಗಿ. ಓಕಿನಾವಾ ದ್ವೀಪದ ಇತೊಸು ಆಂಕೊ ಎಂಬ ಗುರು 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದರು. ಅದುವರೆಗೆ ಕೆಲವೇ ಜನ ಗುಟ್ಟಾಗಿ ಕಲಿಯುತ್ತಿದ್ದ ವಿದ್ಯೆ ಅದು. ತರಗತಿಯಲ್ಲಿ ಸಾಲಾಗಿ ನಿಂತ ಹುಡುಗರಿಗೆ ಕಲಿಸಲು ಅನುಕೂಲವಾಗಲಿ ಎಂದು ಅವರು ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. 1908ರಲ್ಲಿ ಶಿಕ್ಷಣ ಇಲಾಖೆಗೆ ಹತ್ತು ಅಂಶಗಳ ಒಂದು ಪತ್ರವನ್ನೂ ಬರೆದರು. ಪ್ರತಿ ಚಲನೆಯ ಅರ್ಥ ಏನು, ಅದನ್ನು ಯಾವಾಗ ಬಳಸಬೇಕು ಎಂದು ತಿಳಿದುಕೊಂಡು, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು ಎಂಬುದು ಅದರಲ್ಲಿರುವ ಮಾತುಗಳಲ್ಲಿ ಒಂದು. ನೂರು ವರ್ಷ ದಾಟಿದ ಮೇಲೂ ನಾವು ಮಾಡದೆ ಉಳಿದಿರುವುದು ಅದನ್ನೇ.

ಇತೊಸು ಅವರ ಶಿಷ್ಯ ಫುನಾಕೋಶಿ ಗಿಚಿನ್. ಇವರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ಪ್ರದರ್ಶಿಸಿ, ಅಲ್ಲೇ ಉಳಿದು ಕಲಿಸಿದರು. ಪಿನಾನ್ ಎಂಬ ಹೆಸರನ್ನು ಹೇಯಾನ್ ಎಂದು ಬದಲಿಸಿದರು. ಶಾಂತಿ, ನೆಮ್ಮದಿ ಎಂಬ ಅರ್ಥ ಆ ಹೆಸರಿಗಿದೆ. ಐದರಲ್ಲಿ ಎರಡನೆಯದು ಕಲಿಯಲು ಸುಲಭ ಎಂದು ಅದನ್ನು ಮೊದಲಿಗೆ ತಂದರು. ಹಾಗಾಗಿ ಇಂದು ಶೋಟೋಕಾನ್ ಶೈಲಿಯಲ್ಲಿ ಹೇಯಾನ್ ಶೋದಾನ್ ಎಂದು ನಾವು ಕಲಿಯುವುದು ಇತೊಸು ಅವರ ಪಿನಾನ್ ನಿದಾನ್. ಮೇಷ್ಟ್ರೊಬ್ಬರು ಮಕ್ಕಳಿಗೆ ಸುಲಭವಾಗಲಿ ಎಂದು ಪಾಠದ ಕ್ರಮ ಬದಲಿಸಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಈಗ ನಿಲುವಿನ ವಿಷಯಕ್ಕೆ ಬರೋಣ.

ಹೇಯಾನ್ ಶೋದಾನ್‌ನಲ್ಲಿ ಮುಖ್ಯವಾಗಿ ಎರಡೇ ನಿಲುವುಗಳು. ಮೊದಲ 17 ಚಲನೆಗಳು ಝೆನ್‌ಕುತ್ಸು ದಾಚಿಯಲ್ಲಿ, ಅಂದರೆ ಮುಂಗಾಲು ಮಡಚಿದ ಉದ್ದ ನಿಲುವಿನಲ್ಲಿ. ನಾಲ್ಕನೆಯ ಚಲನೆಯಲ್ಲಿ ಮಾತ್ರ ಮುಂದಿನ ಕಾಲನ್ನು ಸ್ವಲ್ಪ ಹಿಂದಕ್ಕೆ ಎಳೆದು ನಿಲುವು ಚಿಕ್ಕದಾಗುತ್ತದೆ. ಕೊನೆಯ ನಾಲ್ಕು ಕೋಕುತ್ಸು ದಾಚಿಯಲ್ಲಿ, ಅಂದರೆ ಹಿಂಗಾಲಿನ ಮೇಲೆ ಕೂತ ಹಾಗಿರುವ ನಿಲುವಿನಲ್ಲಿ.

ಝೆನ್‌ಕುತ್ಸುವಿನಲ್ಲಿ ದೇಹದ ಭಾರದ ಸುಮಾರು 60 ಪಾಲು ಮುಂಗಾಲಿಗೆ, 40 ಪಾಲು ಹಿಂಗಾಲಿಗೆ. ಮುಂದಿನ ಮಂಡಿ ಕಾಲ್ಬೆರಳಿನ ನೇರಕ್ಕೆ ಬರಬೇಕು, ಒಳಗೆ ಬೀಳಬಾರದು. ಹಿಂದಿನ ಕಾಲು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಒತ್ತಿರಬೇಕು. ಎರಡು ಪಾದಗಳ ನಡುವೆ ಅಡ್ಡಕ್ಕೂ ಸೊಂಟದಷ್ಟು ಅಗಲ ಬಿಡಬೇಕು. ಇದನ್ನೆಲ್ಲ ಮಾಸ್ಟರ್ ಹೇಳುತ್ತಾರೆ, ನಾವು ಹೂಂಗುಡುತ್ತೇವೆ. ಯಾಕೆ ಎಂದು ಕೇಳುವುದಿಲ್ಲ. ಆದರೆ ‘ಯಾಕೆ’ ಎಂಬುದರ ಉತ್ತರ ನಮ್ಮ ಮೊದಲ ವರ್ಷದ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ, ಪಾದದ ಕೆಳಗಿನ ಆಧಾರ ಅಗಲವಾಗಿದ್ದಷ್ಟೂ ವಸ್ತು ಉರುಳುವುದು ಕಷ್ಟ. ಮಂಡಿ ಮಡಚಿದರೆ ಗುರುತ್ವ ಕೇಂದ್ರ ಕೆಳಗೆ ಬರುತ್ತದೆ. ಕಾಲು ಉದ್ದಕ್ಕೆ ಚಾಚಿದರೆ ಹಿಂದು ಮುಂದಿನ ಆಧಾರ ಬೆಳೆಯುತ್ತದೆ. ಆದರೆ ಎರಡೂ ಪಾದಗಳು ಒಂದೇ ಗೆರೆಯ ಮೇಲಿದ್ದರೆ ಪಕ್ಕದಿಂದ ಒಂದು ಬೆರಳಲ್ಲಿ ತಳ್ಳಿದರೂ ಬೀಳುತ್ತೇವೆ. ಅದಕ್ಕೇ ಸೊಂಟದಗಲ ಬಿಡುವುದು. ಹಿಮ್ಮಡಿ ಒತ್ತುವುದು ನ್ಯೂಟನ್ನನ ಮೂರನೆಯ ನಿಯಮಕ್ಕಾಗಿ. ನಾವು ನೆಲವನ್ನು ಹಿಂದಕ್ಕೆ ತಳ್ಳಿದರೆ ತಾನೇ ನೆಲ ನಮ್ಮನ್ನು ಮುಂದಕ್ಕೆ ತಳ್ಳುವುದು? ಹಿಮ್ಮಡಿ ಎದ್ದರೆ ಆ ತಳ್ಳುವಿಕೆಯ ಒಂದು ಪಾಲು ಕಣಕಾಲಿನಲ್ಲೇ ಕಳೆದುಹೋಗುತ್ತದೆ.

ಕೋಕುತ್ಸುವಿನಲ್ಲಿ ಲೆಕ್ಕ ಬೇರೆ. ಭಾರದ 70 ಪಾಲು ಹಿಂಗಾಲಿಗೆ, 30 ಪಾಲು ಮುಂಗಾಲಿಗೆ. ಹಿಮ್ಮಡಿಗಳೆರಡೂ ಒಂದೇ ಗೆರೆಯಲ್ಲಿ. ಇಲ್ಲಿ ಪಕ್ಕದ ಗಟ್ಟಿತನವನ್ನು ಸ್ವಲ್ಪ ಬಿಟ್ಟುಕೊಡುತ್ತೇವೆ. ಬದಲಿಗೆ ಮೈ ಎದುರಾಳಿಯಿಂದ ದೂರ ಸರಿಯುತ್ತದೆ, ಮುಂಗಾಲು ಹಗುರಾಗಿ ಒದೆಯಲೋ ಹಿಂದೆ ಎಳೆದುಕೊಳ್ಳಲೋ ಸಿದ್ಧವಾಗಿರುತ್ತದೆ. ಕಿಬಾ ದಾಚಿ ಎಂಬ ಕುದುರೆ ಸವಾರನ ನಿಲುವು ಈ ಕಟಾದಲ್ಲಿಲ್ಲ. ಆದರೆ ಹೋಲಿಕೆಗೆ ಹೇಳುವುದಾದರೆ ಅದರಲ್ಲಿ ಎರಡೂ ಕಾಲಿಗೆ ಸಮಭಾರ, ಪಕ್ಕದ ತಳ್ಳುವಿಕೆಗೆ ಅದು ಬಂಡೆಯ ಹಾಗೆ, ಎದುರಿನಿಂದ ಎದೆಗೆ ತಳ್ಳಿದರೆ ದುರ್ಬಲ. ತೆಕ್ಕಿ ಎಂಬ ಕಟಾ ಪೂರ್ತಿ ಅದೇ ನಿಲುವಿನಲ್ಲಿ, ಎಡ ಬಲ ಪಕ್ಕಗಳಿಗಷ್ಟೇ ಚಲಿಸುತ್ತದೆ. ಹೀಗೆ ಯಾವ ನಿಲುವೂ ಎಲ್ಲ ಕಡೆಯಿಂದ ಗಟ್ಟಿಯಲ್ಲ. ಒಂದು ಕಡೆ ಪಡೆದರೆ ಇನ್ನೊಂದು ಕಡೆ ಕೊಡಬೇಕು. ಇದು ಗೊತ್ತಾದ ಮೇಲೆ ನಿಲುವು ಎಂದರೆ ಫೋಟೊಗೆ ಕೊಡುವ ಪೋಸ್ ಅಲ್ಲ ಎಂದು ಅರ್ಥವಾಗುತ್ತದೆ.

ಎರಡನೆಯದು ದಿಕ್ಕು. ಕಟಾ ನಡೆಯುವ ಗೆರೆಗೆ ಎಂಬುಸೆನ್ ಎನ್ನುತ್ತಾರೆ. ಹೇಯಾನ್ ಶೋದಾನ್‌ನ ಎಂಬುಸೆನ್ ಇಂಗ್ಲಿಷಿನ ದೊಡ್ಡ ‘ಐ’ ಅಕ್ಷರದಂತಿದೆ. ಕೆಳಗೊಂದು ಅಡ್ಡಗೆರೆ, ಮೇಲೊಂದು ಅಡ್ಡಗೆರೆ, ನಡುವೆ ಒಂದು ಉದ್ದ ಗೆರೆ. ಉತ್ತರಕ್ಕೆ ಮುಖ ಮಾಡಿ ನಿಂತಿದ್ದೇವೆ ಎಂದುಕೊಳ್ಳಿ. ಮೊದಲು ಎಡಕ್ಕೆ, ಅಂದರೆ ಪಶ್ಚಿಮಕ್ಕೆ ತಿರುಗಿ ಕೆಳತಡೆ, ಒಂದು ಹೆಜ್ಜೆ ಮುಂದೆ ಹೋಗಿ ಗುದ್ದು. ಅಲ್ಲಿಂದ 180 ಡಿಗ್ರಿ ತಿರುಗಿ ಪೂರ್ವಕ್ಕೆ ಕೆಳತಡೆ, ಕೈ ಬಿಡಿಸಿಕೊಂಡು ಮುಷ್ಟಿಯ ಬದಿಯಿಂದ ಸುತ್ತಿಗೆಯ ಹಾಗೆ ಒಂದು ಏಟು, ಮತ್ತೆ ಹೆಜ್ಜೆ, ಗುದ್ದು. ಆಮೇಲೆ ಉತ್ತರಕ್ಕೆ ತಿರುಗಿ ಕೆಳತಡೆ, ಮೂರು ಹೆಜ್ಜೆಗೆ ಮೂರು ಮೇಲ್ತಡೆ. ಅಲ್ಲಿ ಎಡಗಾಲನ್ನು ಹಿಂದಿನಿಂದ ತಂದು 270 ಡಿಗ್ರಿಯ ದೊಡ್ಡ ತಿರುವು. ಪೂರ್ವಕ್ಕೆ ತಡೆ, ಗುದ್ದು. ಪಶ್ಚಿಮಕ್ಕೆ ತಡೆ, ಗುದ್ದು. ದಕ್ಷಿಣಕ್ಕೆ ತಿರುಗಿ ತಡೆ, ಮೂರು ಹೆಜ್ಜೆಗೆ ಮೂರು ಗುದ್ದು. ಮತ್ತೆ 270 ಡಿಗ್ರಿ ತಿರುವು. ಕೊನೆಗೆ ಕೋಕುತ್ಸುವಿನಲ್ಲಿ, ಅಂಗೈ ಅಂಚಿನಿಂದ ನಾಲ್ಕು ತಡೆಗಳು. ಪಶ್ಚಿಮಕ್ಕೆ ಒಂದು, ಅಲ್ಲಿಂದ 45 ಡಿಗ್ರಿ ಓರೆಗೆ ಒಂದು, ಪೂರ್ವಕ್ಕೆ ಒಂದು, ಮತ್ತೆ 45 ಡಿಗ್ರಿ ಓರೆಗೆ ಒಂದು. ಅಲ್ಲಿಂದ ಕಾಲು ಹಿಂದೆಗೆದು ಉತ್ತರಕ್ಕೆ ಮುಖ ಮಾಡಿ ನಿಂತರೆ ಹೊರಟ ಜಾಗಕ್ಕೇ ಬಂದಿರಬೇಕು.

ಈ ‘ಬಂದಿರಬೇಕು’ ಎಂಬುದರಲ್ಲೇ ಪರೀಕ್ಷೆ ಇದೆ. ಭೌತಶಾಸ್ತ್ರದ ಮಾತಿನಲ್ಲಿ ಹೇಳಿದರೆ ನಡೆದ ದೂರ ಬಹಳ, ಸ್ಥಾನಪಲ್ಲಟ ಶೂನ್ಯ. ಹೋಗುವಾಗಿನ ಮೂರು ಹೆಜ್ಜೆ ಬರುವಾಗಿನ ಮೂರು ಹೆಜ್ಜೆಗೆ ಸಮನಾಗಿದ್ದರೆ ಮಾತ್ರ ಹೀಗಾಗುತ್ತದೆ. ಗುದ್ದುವ ಉತ್ಸಾಹದಲ್ಲಿ ಹೆಜ್ಜೆ ಉದ್ದವಾದರೆ, ಸುಸ್ತಾಗಿ ನಿಲುವು ಚಿಕ್ಕದಾದರೆ, ಕಟಾ ಮುಗಿದಾಗ ಒಂದು ಗಜ ಆಚೆ ನಿಂತಿರುತ್ತೇವೆ. ಪರೀಕ್ಷಕರು ಬೇಕಿಲ್ಲ, ಅಂಕಪಟ್ಟಿ ಬೇಕಿಲ್ಲ. ಹೊರಡುವ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದರೆ ಸಾಕು. ಮಳೆ ನಿಂತ ಮರುದಿನ ನಮ್ಮ ಮೈದಾನದ ಕೆಂಪು ಮಣ್ಣಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಯಾವ ಹೆಜ್ಜೆ ಗಿಡ್ಡ, ಯಾವ ಪಾದ ಅಡ್ಡ, ಎಲ್ಲಿ ಹಿಮ್ಮಡಿಯ ಗುರುತೇ ಬಿದ್ದಿಲ್ಲ ಎಂದು ಮಣ್ಣೇ ಬರೆದು ತೋರಿಸುತ್ತದೆ. ಅಂಥ ಮಣ್ಣು ಇರುವ ಕಾಲೇಜು ಹೆಂಚಿಗೆ ಯಾಕೆ ಖರ್ಚು ಮಾಡಬೇಕು?

ದಿಕ್ಕುಗಳಲ್ಲಿ ನನಗೆ ಬಹಳ ಮುಖ್ಯ ಎನಿಸಿದ ಒಂದು ಸಂಗತಿ ಇದೆ. ಬೇಕಾದರೆ ನೀವೇ ಎಣಿಸಿ ನೋಡಿ. 21 ಚಲನೆಗಳಲ್ಲಿ 13 ತಡೆಗಳು, 8 ಏಟುಗಳು. ಕೆಳತಡೆ ಆರು ಬಾರಿ ಬರುತ್ತದೆ, ಆರೂ ಸಲ ಹೊಸ ದಿಕ್ಕಿಗೆ ತಿರುಗಿದ ಕೂಡಲೇ ಬರುತ್ತದೆ. ಕೊನೆಯ ನಾಲ್ಕು ಚಲನೆಗಳಲ್ಲಿ ಪ್ರತಿ ಬಾರಿಯೂ ದಿಕ್ಕು ಬದಲಾಗುತ್ತದೆ, ನಾಲ್ಕೂ ತಡೆಗಳೇ. ಅಂದರೆ ಇಡೀ ಕಟಾದಲ್ಲಿ ಒಂದೇ ಒಂದು ಸಲವೂ ತಿರುಗಿದ ಕೂಡಲೇ ಹೊಡೆಯುವುದಿಲ್ಲ. ಹೊಸ ದಿಕ್ಕಿಗೆ ಮುಖ ಮಾಡಿದಾಗ ಮೊದಲ ಕೆಲಸ ನೋಡುವುದು, ಎರಡನೆಯದು ತಡೆಯುವುದು. ಏಟು ಏನಿದ್ದರೂ ಆಮೇಲೆ. ಕಟಾದಲ್ಲಿ ಎರಡು ಕಡೆ ಗಟ್ಟಿಯಾಗಿ ‘ಕಿಯಾಯ್’ ಎಂದು ಕೂಗುತ್ತೇವೆ. ಅದರಲ್ಲಿ ಮೊದಲನೆಯದು ಒಂಬತ್ತನೆಯ ಚಲನೆಗೆ, ಅದೂ ಒಂದು ತಡೆಗೆ. ಕರಾಟೆಯಲ್ಲಿ ಮೊದಲ ಏಟು ನಮ್ಮದಲ್ಲ ಎಂಬುದು ಫುನಾಕೋಶಿಯವರ ಹೆಸರಾಂತ ತತ್ವ. ಅದನ್ನು ಗೋಡೆಯ ಮೇಲೆ ಬರೆದು ಹಾಕುವುದು ಸುಲಭ. ಕಟಾ ಅದನ್ನು ಕಾಲಿಗೆ ಕಲಿಸುತ್ತದೆ.

ನಮ್ಮ ವಯಸ್ಸಿನವರಿಗೆ ಈ ಪಾಠ ಬೇಕು. ಕ್ಯಾಂಟೀನಿನಲ್ಲಿ ಯಾರೋ ಏನೋ ಅಂದರಂತೆ ಎಂದು ತಿರುಗಿದ ಕೂಡಲೇ ಕೈ ಎತ್ತುವವರು, ಗ್ರೂಪಿನಲ್ಲಿ ಬಂದ ಒಂದು ಮೆಸೇಜ್‌ಗೆ ಓದಿ ಮುಗಿಸುವ ಮೊದಲೇ ಉತ್ತರ ಬರೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಒಂದು ಕಟಾ ಮಾಡಿದ ಮಾತ್ರಕ್ಕೆ ಸ್ವಭಾವ ಬದಲಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಿರುಗು, ನೋಡು, ತಡೆ ಎಂಬ ಕ್ರಮವನ್ನು ಸಾವಿರ ಸಲ ಮಾಡಿದ ದೇಹಕ್ಕೆ ಒಂದು ಕ್ಷಣ ನಿಲ್ಲುವ ಅಭ್ಯಾಸವಾದರೂ ಆಗಬಹುದು. ಆ ಒಂದು ಕ್ಷಣದಲ್ಲಿ ಎಷ್ಟೋ ಜಗಳಗಳು ತಪ್ಪುತ್ತವೆ.

ಮೂರನೆಯದು ಚಲನೆಯ ನಿಯಮಗಳು. ಇವು ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕಾಲೇಜ್ ಡೇ ತಯಾರಿಯಲ್ಲಿ ಮೊದಲು ಕೈಬಿಡುವುದೂ ಇವನ್ನೇ. ಒಂದು, ತಿರುಗುವ ಮುನ್ನ ತಲೆ ತಿರುಗಬೇಕು, ಕಣ್ಣು ಮೊದಲು ಹೋಗಬೇಕು. ಎರಡು, ಹೆಜ್ಜೆ ಇಡುವಾಗ ತಲೆಯ ಎತ್ತರ ಬದಲಾಗಬಾರದು. ನಾವು ಏಳುತ್ತಾ ಕೂರುತ್ತಾ ಹೋದರೆ ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗುತ್ತದೆ. ತುಂಬಿದ ಕೊಡ ತಲೆಯ ಮೇಲಿಟ್ಟು ನಡೆಯುವವರ ಹಾಗೆ ನಡೆಯಬೇಕು. ಮೂರು, ಚಲಿಸುವ ಪಾದ ನೇರವಾಗಿ ಹೋಗದೆ ಊರಿದ ಪಾದದ ಹತ್ತಿರಕ್ಕೆ ಬಂದು ಮುಂದೆ ಹೋಗಬೇಕು. ತಿರುಗುವಾಗಲಂತೂ ಕಾಲು ಕೈ ಮೈಗೆ ಹತ್ತಿರವಿದ್ದರೆ ತಿರುವು ವೇಗವಾಗುತ್ತದೆ. ಐಸ್ ಮೇಲೆ ಸ್ಕೇಟಿಂಗ್ ಮಾಡುವವರು ಕೈ ಮಡಚಿಕೊಂಡಾಗ ಗಿರ್ರನೆ ತಿರುಗುವುದು ಯಾಕೆ ಎಂದು ನಾವು ಓದಿದ್ದೇವಲ್ಲ, ಇಲ್ಲೂ ಅದೇ ಲೆಕ್ಕ. ನಾಲ್ಕು, ತಡೆಯುವಾಗ ಸೊಂಟ ಅರ್ಧ ಪಕ್ಕಕ್ಕೆ ತಿರುಗಿರಬೇಕು, ಗುದ್ದುವಾಗ ನೇರ ಮುಂದಕ್ಕೆ ಬರಬೇಕು. ಏಟಿನ ಬಲ ಆ ತಿರುವಿನಿಂದ ಬರುತ್ತದೆ, ತೋಳಿನಿಂದ ಮಾತ್ರ ಅಲ್ಲ. ಐದು, ಒಂದು ಕೈ ಮುಂದೆ ಹೋದಾಗ ಇನ್ನೊಂದು ಕೈ ಸೊಂಟಕ್ಕೆ ಬರಬೇಕು. ಆರು, ಉಸಿರು. ಚಲನೆ ಮುಗಿಯುವಲ್ಲಿ ಉಸಿರು ಹೊರಗೆ ಹೋಗಬೇಕು, ಮೈ ಒಂದು ಕ್ಷಣ ಬಿಗಿಯಾಗಬೇಕು, ಕೂಡಲೇ ಸಡಿಲವಾಗಬೇಕು. ಇಡೀ ಹೊತ್ತು ಬಿಗಿಯಾಗಿದ್ದವರು ಹತ್ತನೆಯ ಚಲನೆಗೇ ಏದುಸಿರು ಬಿಡುತ್ತಾರೆ. ಬಲದಲ್ಲಿ ಹೆಚ್ಚು ಕಡಿಮೆ, ಮೈಯಲ್ಲಿ ಹಿಗ್ಗು ಕುಗ್ಗು, ವೇಗದಲ್ಲಿ ಬೇಗ ನಿಧಾನ, ಈ ಮೂರು ಇಲ್ಲದ ಕಟಾ ಕಟಾ ಅಲ್ಲ ಎಂದು ಹಿರಿಯರು ಹೇಳುತ್ತಾರೆ.

ಈಗ ನಾಲ್ಕನೆಯ ಚಲನೆಯನ್ನೇ ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ಬಲಗೈಯಿಂದ ಕೆಳತಡೆ ಮಾಡಿದ್ದೇವೆ. ಆ ಮಣಿಕಟ್ಟನ್ನು ಎದುರಿನವನು ಹಿಡಿದುಕೊಂಡ. ಆಗ ಮುಂದಿನ ಕಾಲನ್ನು ಹಿಂದಕ್ಕೆ ಎಳೆಯುತ್ತೇವೆ, ಕಾಲಿನ ಜೊತೆ ಇಡೀ ಮೈ ಹಿಂದೆ ಬರುತ್ತದೆ, ಮೈ ಜೊತೆ ಕೈ ಬರುತ್ತದೆ. ಬಿಡಿಸಿಕೊಂಡ ಕೈ ಮೇಲಿನಿಂದ ಸುತ್ತಿಬಂದು ಸುತ್ತಿಗೆಯ ಹಾಗೆ ಬೀಳುತ್ತದೆ. ನಮ್ಮ ತೋಳಿನ ಬಲ ಅವನ ತೋಳಿನ ಬಲಕ್ಕೆ ಸಾಟಿಯಾಗದೇ ಇರಬಹುದು. ಆದರೆ ಅವನ ಹೆಬ್ಬೆರಳಿನ ಬಲ ನಮ್ಮ ಇಡೀ ಮೈಯ ಭಾರಕ್ಕೆ ಸಾಟಿಯಲ್ಲ. ಗುಟ್ಟು ಇರುವುದು ಕಾಲಿನಲ್ಲಿ. ಕಾಲು ಎಳೆಯದೆ ಬರೀ ಕೈ ಎಳೆದುಕೊಂಡರೆ ಅದು ಹಗ್ಗಜಗ್ಗಾಟ, ಅದರಲ್ಲಿ ಬಲಶಾಲಿಯೇ ಗೆಲ್ಲುತ್ತಾನೆ.

ನಮ್ಮ ಕ್ಲಾಸಿನಲ್ಲಿ ಈ ಚಲನೆಯನ್ನು ಎಲ್ಲರೂ ಮಾಡುತ್ತಾರೆ. ಆದರೆ ಜೊತೆಗಾರ್ತಿಯಿಂದ ನಿಜವಾಗಿ ಮಣಿಕಟ್ಟು ಹಿಡಿಸಿಕೊಂಡು ಮಾಡಿದವರು ಎಷ್ಟು ಮಂದಿ? ಬಸ್ ಸ್ಟ್ಯಾಂಡಿನಲ್ಲಿ, ಓಣಿಯಲ್ಲಿ ಯಾರಾದರೂ ಕೈ ಹಿಡಿದಾಗ ನೆನಪಿಗೆ ಬರಬೇಕಾದದ್ದು ಹೆಂಚು ಒಡೆದ ಚಪ್ಪಾಳೆಯಲ್ಲ, ಹಿಂದಕ್ಕೆ ಎಳೆದ ಆ ಕಾಲು. ಹಿಡಿತ ಬಿಟ್ಟಿತೆಂದರೆ ಅಲ್ಲಿ ನಿಂತು ಉಳಿದ 17 ಚಲನೆ ಮಾಡಿ ತೋರಿಸಬೇಕಾಗಿಲ್ಲ. ಕೂಗಿ, ಜನ ಇರುವ ಕಡೆಗೆ ಓಡಬೇಕು. ಓಡುವುದು ಸೋಲಲ್ಲ. ಇದನ್ನೂ ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಿಕೊಡಬೇಕು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ರಸ್ತೆಯಲ್ಲಿ ಯಾರೂ ಹೀಗೆ ನಿಂತು ಹೊಡೆದಾಡುವುದಿಲ್ಲ ಎಂಬುದು. ಮಾತು ನಿಜ. ಅಷ್ಟು ಉದ್ದದ ಝೆನ್‌ಕುತ್ಸು ಹಾಕಿಕೊಂಡು ಯಾರೂ ಬಸ್ಸಿನಲ್ಲಿ ನಿಲ್ಲುವುದಿಲ್ಲ. ಆದರೆ ಕಾಪಿ ಬುಕ್ಕಿನ ನಾಲ್ಕು ಗೆರೆಯೊಳಗೆ ಬರೆದ ದುಂಡು ಅಕ್ಷರದಲ್ಲಿ ಯಾರೂ ಪರೀಕ್ಷೆ ಬರೆಯುವುದಿಲ್ಲ. ಹಾಗೆಂದು ಕಾಪಿ ಬರೆದದ್ದು ವ್ಯರ್ಥವೇ? ದೊಡ್ಡದಾಗಿ, ನಿಧಾನವಾಗಿ ಕಲಿತದ್ದು ಅವಸರದಲ್ಲಿ ಚಿಕ್ಕದಾಗಿ ಬರುತ್ತದೆ. ಚಿಕ್ಕದಾಗಿಯೇ ಕಲಿತದ್ದು ಅವಸರದಲ್ಲಿ ಬರುವುದೇ ಇಲ್ಲ. ಕಟಾ ಒಂದೇ ಸಾಕು ಎಂದೂ ನಾನು ಹೇಳುತ್ತಿಲ್ಲ. ಜೊತೆಗಾರರಿಲ್ಲದೆ ಕಲಿತ ಕಟಾ ನೀರಿಗಿಳಿಯದೆ ಕಲಿತ ಈಜಿನ ಹಾಗೆ. ಒಬ್ಬರೇ ಮಾಡುವುದು ಅರ್ಧ, ಇಬ್ಬರಾಗಿ ಮಾಡುವುದು ಇನ್ನರ್ಧ.

ಎರಡನೆಯದು, ಸಮಯವಿಲ್ಲ ಎಂಬುದು. ಪಿಯುಸಿ ಅಂಕ, ಸಿಇಟಿ, ನೀಟ್ ಇರುವಾಗ ಕರಾಟೆ ಯಾಕೆ ಎಂದು ಮನೆಯಲ್ಲೂ ಕೇಳುತ್ತಾರೆ, ಉಪನ್ಯಾಸಕರೂ ಕೇಳುತ್ತಾರೆ. ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಹೆಚ್ಚು ಸಮಯವಲ್ಲ. ಐದು ಕಟಾ, ಮೂರು ಬೆಲ್ಟ್ ಟೆಸ್ಟ್, ಒಂದು ಪ್ರದರ್ಶನ ಎಂದು ಹರಿದು ಹಂಚಿಹೋಗುವ ಸಮಯವನ್ನು ಒಂದೇ ಕಡೆ ಇಡಿ ಎನ್ನುತ್ತಿದ್ದೇನೆ, ಅಷ್ಟೇ. ವಾರದ ಎರಡು ಪೀರಿಯಡ್‌ನಲ್ಲಿ ಒಂದು ಕಟಾ ಧಾರಾಳವಾಗಿ ಹಿಡಿಸುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಲು ಅಂಗಳವೋ ಟೆರೇಸೋ ಸಾಕು, ಹತ್ತು ನಿಮಿಷ ಸಾಕು. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಬಾಗಿ ಕೂತ ಬೆನ್ನಿಗೆ ಆ ಹತ್ತು ನಿಮಿಷ ಎಷ್ಟು ಬೇಕು ಎಂದು ಎರಡನೇ ವರ್ಷದವರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯದು, ಪದಕ ಬರುವುದಿಲ್ಲವಲ್ಲ ಎಂಬುದು. ಪದಕ ತರುವವರು ತರಲಿ, ನಮಗೂ ಹೆಮ್ಮೆ. ಆದರೆ ಪದಕದ ಲೆಕ್ಕದಲ್ಲೂ ಕಟಾ ಸಣ್ಣದಲ್ಲ. ಕರಾಟೆ ಒಲಿಂಪಿಕ್ಸ್‌ಗೆ ಬಂದದ್ದು ಟೋಕಿಯೊದಲ್ಲಿ, 2021ರಲ್ಲಿ. ಅಲ್ಲಿ ಕುಮಿಟೆಯ ಜೊತೆಗೆ ಕಟಾ ಕೂಡ ಪ್ರತ್ಯೇಕ ಸ್ಪರ್ಧೆಯಾಗಿತ್ತು. ಪುರುಷರ ಕಟಾ ಚಿನ್ನವನ್ನು ಗೆದ್ದ ಕಿಯುನಾ ರ್ಯೊ ಕರಾಟೆ ಹುಟ್ಟಿದ ಅದೇ ಓಕಿನಾವಾದವರು. ಮಹಿಳೆಯರ ಕಟಾದಲ್ಲಿ ಸ್ಪೇನಿನ ಸಾಂದ್ರಾ ಸಾಂಚೆಝ್ ಚಿನ್ನ ಗೆದ್ದಾಗ ಅವರ ವಯಸ್ಸು 39. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕರಾಟೆಯೇ ಇರಲಿಲ್ಲ. ಪದಕಕ್ಕಾಗಿ ಮಾತ್ರ ಕಲಿತವರಿಗೆ ಅದು ದೊಡ್ಡ ನಷ್ಟ. ಮೈಗಾಗಿ, ಮನಸ್ಸಿಗಾಗಿ ಕಲಿತವರ ಕಟಾವನ್ನು ಯಾವ ಸಮಿತಿಯೂ ಪಟ್ಟಿಯಿಂದ ತೆಗೆಯಲಾರದು.

ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಮಾತು ಕೇಳಿಬರುತ್ತದೆ. ಸ್ಕಾರ್ಫ್ ಹಾಕಿಕೊಂಡು ಇದೆಲ್ಲ ಆಗುವುದಿಲ್ಲ, ಸ್ಪರ್ಧೆಗೆ ಬಿಡುವುದಿಲ್ಲ ಎಂದು. ವಿಶ್ವ ಕರಾಟೆ ಫೆಡರೇಷನ್ 2013ರಿಂದಲೇ ತನ್ನ ಸ್ಪರ್ಧೆಗಳಲ್ಲಿ ನಿಗದಿತ ಮಾದರಿಯ ಸ್ಕಾರ್ಫ್‌ಗೆ ಅನುಮತಿ ಕೊಟ್ಟಿದೆ. ಟೋಕಿಯೊದಲ್ಲಿ 61 ಕೆ.ಜಿ. ಮೇಲಿನ ಮಹಿಳೆಯರ ಕುಮಿಟೆಯಲ್ಲಿ ಚಿನ್ನ ಗೆದ್ದ ಈಜಿಪ್ಟಿನ ಫೆರ್ಯಾಲ್ ಅಬ್ದೆಲ್ ಅಝೀಝ್ ತಲೆಗೆ ಸ್ಕಾರ್ಫ್ ಧರಿಸಿಯೇ ಆಡಿದರು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈಜಿಪ್ಟಿನ ಮೊದಲ ಮಹಿಳೆ ಅವರು. ಆದ್ದರಿಂದ ಬಟ್ಟೆ ಅಡ್ಡಿಯಲ್ಲ. ಅಡ್ಡಿ ಇರುವುದು ಜಾಗದ್ದು. ಹುಡುಗರ ಬ್ಯಾಚಿಗೆ ಮೈದಾನ ಸಿಗುತ್ತದೆ, ನಮ್ಮ ಬ್ಯಾಚಿಗೆ ಮಹಡಿಯ ಕಾರಿಡಾರ್ ಸಿಗುತ್ತದೆ. ಕಾರಿಡಾರ್ ಉದ್ದ ಇದೆ, ಅಗಲ ಇಲ್ಲ. ‘ಐ’ ಆಕಾರದ ಕಟಾವನ್ನು ಒಂದು ಗೆರೆಯ ಜಾಗದಲ್ಲಿ ಮಾಡುವುದು ಹೇಗೆ? ಪೂರ್ವ ಪಶ್ಚಿಮದ ಹೆಜ್ಜೆಗಳನ್ನು ಗೋಡೆಗೆ ತಾಗುತ್ತದೆಂದು ಗಿಡ್ಡ ಮಾಡಿ ಮಾಡಿ, ಅದೇ ನಮ್ಮ ಅಭ್ಯಾಸವಾಗಿಬಿಟ್ಟಿದೆ. ನಿಲುವು ಸರಿ ಇಲ್ಲ ಎಂದು ನಮ್ಮನ್ನು ತಿದ್ದುವ ಮೊದಲು ನಿಲ್ಲಲು ಜಾಗ ಕೊಡಬೇಕು.

ಹಾಗಾಗಿ ಪ್ರಾಂಶುಪಾಲರಲ್ಲಿ, ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ, ಕರಾಟೆ ಮಾಸ್ಟರ್ ಅವರಲ್ಲಿ ನನ್ನ ವಿನಂತಿ ಇಷ್ಟು. ವಾರದ ಎರಡು ಪೀರಿಯಡ್‌ಗಳಲ್ಲಿ ಒಂದನ್ನಾದರೂ ಯಾವ ಕಾರಣಕ್ಕೂ ಬೇರೆಯದಕ್ಕೆ ಕೊಡಬೇಡಿ. ಆ ಒಂದು ಪೀರಿಯಡ್ ಹುಡುಗಿಯರಿಗೆ ಸಭಾಂಗಣ ಬಿಟ್ಟುಕೊಡಿ, ಕುರ್ಚಿಗಳನ್ನು ನಾವೇ ಸರಿಸಿ ನಾವೇ ಮತ್ತೆ ಜೋಡಿಸಿಡುತ್ತೇವೆ. ಮೊದಲ ಎರಡು ತಿಂಗಳು ನಿಲುವು ಮತ್ತು ಹೆಜ್ಜೆ ಮಾತ್ರ, ಕೈ ಸೊಂಟದ ಮೇಲೆ. ಅದರ ಮುಂದಿನ ಎರಡು ತಿಂಗಳು ದಿಕ್ಕು ಮತ್ತು ತಿರುವು, ಸೀಮೆಸುಣ್ಣದ ಗುರುತಿನೊಂದಿಗೆ. ಆಮೇಲೆ ಪ್ರತಿ ಚಲನೆಗೂ ಜೊತೆಗಾರರೊಂದಿಗೆ ಅಭ್ಯಾಸ, ಅರ್ಥ ಹೇಳಿಕೊಟ್ಟು. ಭೌತಶಾಸ್ತ್ರದ ಉಪನ್ಯಾಸಕರು ಒಂದು ದಿನ ಮೈದಾನಕ್ಕೆ ಬಂದು ಗುರುತ್ವ ಕೇಂದ್ರದ ಪಾಠವನ್ನು ನಮ್ಮ ನಿಲುವುಗಳ ಮೇಲೆಯೇ ಮಾಡಿದರೆ ಇನ್ನೂ ಸಂತೋಷ.

ಕಾಲೇಜ್ ಡೇಗೆ ಏನು ತೋರಿಸುವುದು ಎಂದು ಕೇಳಬಹುದು. ನಲವತ್ತು ಮಂದಿ ಒಟ್ಟಿಗೆ ನಿಂತು ಹೇಯಾನ್ ಶೋದಾನ್ ಮಾಡಲಿ. ಸಂಗೀತ ಬೇಡ, ಬಣ್ಣದ ಲೈಟ್ ಬೇಡ, ಬೆಂಕಿ ಹಚ್ಚಿದ ಹೆಂಚು ಬೇಡ. ಒಬ್ಬೊಬ್ಬರ ಕಾಲ ಬಳಿಯೂ ಒಂದೊಂದು ಸೀಮೆಸುಣ್ಣದ ಗುರುತಿರಲಿ. ಕಟಾ ಮುಗಿದಾಗ ಎಷ್ಟು ಮಂದಿ ತಮ್ಮ ಗುರುತಿನ ಮೇಲೆ ನಿಂತಿದ್ದಾರೆ ಎಂದು ಪೋಷಕರೇ ಎಣಿಸಲಿ.

ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗ